ಅಂಕಪಟ್ಟಿಗೆ ಹೊಲೋಗ್ರಾಂ ಸಾಲದು, ಲೆಡ್ಜರಿಗೆ ಕಾವಲು ಬೇಕು

ಮಾನ್ಯ ಸಂಪಾದಕರೇ,

ನಕಲಿ ಅಂಕಪಟ್ಟಿಯ ಸುದ್ದಿ ಬಂದಾಗಲೆಲ್ಲ ಚರ್ಚೆ ಒಂದೇ ಜಾಡು ಹಿಡಿಯುತ್ತದೆ. ಕಾಗದಕ್ಕೆ ಹೊಲೋಗ್ರಾಂ ಅಂಟಿಸಿ, ನೀರುಗುರುತು ಹಾಕಿ, ಮೂಲೆಯಲ್ಲಿ ಕ್ಯೂಆರ್ ಕೋಡ್ ಮುದ್ರಿಸಿ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ವಿದ್ಯಾರ್ಥಿಯ ಕೈಗೆ ಕೊಡುವ ಕಾಗದ ಮೂಲ ದಾಖಲೆಯಲ್ಲ, ಮೂಲದಿಂದ ಇಳಿಸಿದ ಪ್ರತಿ. ಮೂಲ ಇರುವುದು ಪರೀಕ್ಷಾ ವಿಭಾಗದ ಲೆಡ್ಜರಿನಲ್ಲಿ, ಈಗ ಬಹುಪಾಲು ಅದರ ಡೇಟಾಬೇಸಿನಲ್ಲಿ. ಕಾಗದ ನಕಲಿಯಾದರೆ ಲೆಡ್ಜರ್ ತೆರೆದು ಐದು ನಿಮಿಷದಲ್ಲಿ ಹಿಡಿಯಬಹುದು. ಲೆಡ್ಜರಿನಲ್ಲೇ ಯಾರೋ ಅಂಕ ಬದಲಿಸಿದ್ದರೆ ಅಲ್ಲಿಂದ ಹೊರಡುವ ಅಂಕಪಟ್ಟಿ ಹೊಲೋಗ್ರಾಂ ಸಮೇತ ಅಸಲಿಯೇ ಆಗಿರುತ್ತದೆ. ಪರಿಶೀಲನೆಗೆ ಬಂದ ಪತ್ರಕ್ಕೆ ವಿಶ್ವವಿದ್ಯಾಲಯವೇ 'ದಾಖಲೆಯಂತೆ ಸರಿಯಿದೆ' ಎಂದು ಮೊಹರು ಒತ್ತಿ ಕಳಿಸುತ್ತದೆ.

ಕ್ಯೂಆರ್ ಕೋಡಿನ ಮೇಲೆ ಇಟ್ಟಿರುವ ಭರವಸೆಯಂತೂ ಅತಿಯಾಯಿತು. ಹೆಸರು, ಅಂಕಗಳನ್ನಷ್ಟೇ ತುಂಬಿದ ಕೋಡನ್ನು ಯಾರು ಬೇಕಾದರೂ ತಯಾರಿಸಬಹುದು, ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಕೋಡಿನೊಳಗೆ ವಿಶ್ವವಿದ್ಯಾಲಯದ ಡಿಜಿಟಲ್ ಸಹಿ ಇರಬೇಕು, ಇಲ್ಲವೇ ಅದು ವಿಶ್ವವಿದ್ಯಾಲಯದ್ದೇ ಜಾಲತಾಣಕ್ಕೆ ಕರೆದೊಯ್ಯಬೇಕು. ಎರಡನೆಯ ವಿಧಾನದಲ್ಲೂ ಒಂದು ಮೋಸಕ್ಕೆ ಜಾಗವಿದೆ. ನಕಲಿ ಮಾಡುವವನು ಒಂದಕ್ಷರ ಬದಲಿಸಿದ ವಿಳಾಸದಲ್ಲಿ ಅದೇ ಬಣ್ಣ, ಅದೇ ಲಾಂಛನದ ಪುಟ ಕಟ್ಟಿ ತನ್ನ ಕೋಡನ್ನು ಅಲ್ಲಿಗೆ ತಿರುಗಿಸುತ್ತಾನೆ. ಉದ್ಯೋಗದಾತರು ಹಸಿರು ಟಿಕ್ ಗುರುತು ನೋಡಿ ತೃಪ್ತರಾಗದೆ ಮೇಲಿನ ವಿಳಾಸ ಓದಬೇಕು, ಇನ್ನೂ ಒಳ್ಳೆಯದೆಂದರೆ ಕೋಡ್ ಬಿಟ್ಟು ವಿಳಾಸವನ್ನು ತಾವೇ ಟೈಪ್ ಮಾಡಬೇಕು.

ಇನ್ನು ಲೆಡ್ಜರಿನ ವಿಚಾರ. ಅಂಕ ಬದಲಾಗುವುದೇ ಅಕ್ರಮವಲ್ಲ. ಮರುಮೌಲ್ಯಮಾಪನ, ಮರುಎಣಿಕೆ, ಕೃಪಾಂಕ, ತಡವಾಗಿ ಬಂದ ಆಂತರಿಕ ಅಂಕ, ತಡೆಹಿಡಿದ ಫಲಿತಾಂಶದ ಬಿಡುಗಡೆ, ಹೀಗೆ ಫಲಿತಾಂಶ ಪ್ರಕಟವಾದ ಮೇಲೂ ತಿದ್ದಲು ನ್ಯಾಯವಾದ ಕಾರಣಗಳು ಬೇಕಾದಷ್ಟಿವೆ. ಕೆಡುವುದು ಹಳೆಯ ಅಂಕದ ಮೇಲೆಯೇ ಹೊಸದನ್ನು ಬರೆದಾಗ. ಕೈಬರಹದ ಲೆಡ್ಜರಿನಲ್ಲಿ ಒಳ್ಳೆಯ ಪದ್ಧತಿ ಸರಳವಾಗಿತ್ತು: ಹಳೆಯ ಅಂಕ ಓದಲು ಬರುವಂತೆ ಒಂದೇ ಗೆರೆ, ಮೇಲೆ ಬೇರೆ ಶಾಯಿಯಲ್ಲಿ ಹೊಸ ಅಂಕ, ಪಕ್ಕದಲ್ಲಿ ಆದೇಶ ಸಂಖ್ಯೆ, ದಿನಾಂಕ, ಕಿರುಸಹಿ. ಕೆರೆಯುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ಕಂಪ್ಯೂಟರಿಗೆ ಬಂದಾಗ ಅಂಕಗಳು ಬಂದವು, ಈ ಶಿಸ್ತು ಎಷ್ಟೋ ಕಡೆ ಬರಲಿಲ್ಲ. 38 ಇದ್ದ ಜಾಗದಲ್ಲಿ 58 ಒತ್ತಿ ಎಂಟರ್ ಹೊಡೆದರೆ 38 ಎಂಬುದೊಂದು ಇತ್ತೆನ್ನಲು ಪುರಾವೆಯೇ ಉಳಿಯದು.

ಆದ್ದರಿಂದ ಅಂಕದ ಕೋಷ್ಟಕದಲ್ಲಿ ಅಳಿಸುವ, ಮೇಲೆ ಬರೆಯುವ ಅವಕಾಶವೇ ಇರಬಾರದು, ಸೇರಿಸಲು ಮಾತ್ರ ಬರಬೇಕು. ಪ್ರತಿ ತಿದ್ದುಪಡಿ ಹೊಸ ಸಾಲಾಗಿ ನಿಲ್ಲಬೇಕು. ಅದರಲ್ಲಿ ನೋಂದಣಿ ಸಂಖ್ಯೆ, ವಿಷಯದ ಸಂಕೇತ, ಹಳೆಯ ಅಂಕ, ಹೊಸ ಅಂಕ, ಕಾರಣ, ಆದೇಶ ಸಂಖ್ಯೆ, ನಮೂದಿಸಿದವರು, ಅನುಮೋದಿಸಿದವರು, ಇಬ್ಬರೂ ಒತ್ತಿದ ಸಮಯ ಎಲ್ಲವೂ ಇರಬೇಕು. ನಮೂದಿಸಿದವರೇ ಅನುಮೋದಿಸಲು ಹೋದರೆ ತಂತ್ರಾಂಶ ತಡೆಯಬೇಕು. ಬಾಯಿಮಾತಿನ ನಿಯಮ ಫಲಿತಾಂಶದ ತುರಾತುರಿಯಲ್ಲಿ ಮೊದಲ ದಿನವೇ ಮುರಿಯುತ್ತದೆ.

ಇಷ್ಟು ಮಾಡಿದರೂ ಒಂದು ಹಿಂಬಾಗಿಲು ಉಳಿಯುತ್ತದೆ. ತಂತ್ರಾಂಶದ ಪರದೆಯ ಮೂಲಕ ಹೋಗದೆ ನೇರವಾಗಿ ಡೇಟಾಬೇಸಿಗೇ ಕೈಹಾಕಬಲ್ಲವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರಿಲ್ಲದೆ ವ್ಯವಸ್ಥೆ ನಡೆಯದು. ಬೇಲಿಯೇ ಎದ್ದು ಹೊಲ ಮೇಯದಿರಬೇಕಾದರೆ ಡೇಟಾಬೇಸಿನಲ್ಲಿ ನಡೆಯುವ ಪ್ರತಿ ಕ್ರಿಯೆಯನ್ನು ತಾನಾಗಿ ಬರೆದಿಡುವ ಲಾಗ್ ಆ ಕ್ಷಣವೇ ಇನ್ನೊಂದು ಸರ್ವರಿಗೆ ಹೋಗಬೇಕು, ಆ ಸರ್ವರಿನ ಕೀಲಿ ಡೇಟಾಬೇಸ್ ನಿರ್ವಾಹಕರ ಕೈಯಲ್ಲಿ ಇರಬಾರದು. ಅದು ಲೆಕ್ಕಪರಿಶೋಧನೆಯವರ ಬಳಿ ಇರಲಿ. ಲಾಗ್ ಇಟ್ಟೂ ಯಾರೂ ಓದದಿದ್ದರೆ ಪ್ರಯೋಜನವಿಲ್ಲ. ದಿನವೂ ಎಲ್ಲವನ್ನೂ ಓದಬೇಕಿಲ್ಲ, ಕಚೇರಿ ವೇಳೆಯ ಹೊರಗೆ ಆದ ತಿದ್ದುಪಡಿ, ಆದೇಶ ಸಂಖ್ಯೆ ಇಲ್ಲದ ತಿದ್ದುಪಡಿ, ಉತ್ತೀರ್ಣದ ಗಡಿ ದಾಟಿಸಿದ ತಿದ್ದುಪಡಿ, ಈ ಮೂರನ್ನು ವಾರಕ್ಕೊಮ್ಮೆ ಬೇರ್ಪಡಿಸಿ ನೋಡಿದರೂ ಬಹಳಷ್ಟು ಸಿಗುತ್ತದೆ.

ಇನ್ನೊಂದು ಉಪಾಯ ಹೆಚ್ಚು ಖರ್ಚಿಲ್ಲದ್ದು, ಆದರೂ ಅಪರೂಪಕ್ಕೆ ಕಾಣುವಂಥದು. ಫಲಿತಾಂಶ ಪ್ರಕಟವಾಗುವ ದಿನ ಆಯಾ ಕೋರ್ಸಿನ ಅಂಕಗಳನ್ನೆಲ್ಲ ನೋಂದಣಿ ಸಂಖ್ಯೆಯ ಕ್ರಮದಲ್ಲಿ ಸಾದಾ ಪಠ್ಯದ ಕಡತವಾಗಿ ಇಳಿಸಿ ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಕೇತ, ತೆಗೆಯಬೇಕು. ಕಡತ ಎಷ್ಟೇ ದೊಡ್ಡದಿರಲಿ, ಬರುವುದು 64 ಅಕ್ಷರಗಳ ಒಂದು ಸಾಲು. ಕಡತದಲ್ಲಿ ಒಂದೇ ಅಂಕಿ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಈ ಸಾಲನ್ನು ಅಭ್ಯರ್ಥಿಗಳ ಸಂಖ್ಯೆ ಮತ್ತು ಒಟ್ಟು ಅಂಕಗಳ ಮೊತ್ತದೊಂದಿಗೆ ಒಂದು ಹಾಳೆಯಲ್ಲಿ ಮುದ್ರಿಸಿ, ಬೇರೆ ಬೇರೆ ವಿಭಾಗದ ಮೂವರು ಅಧಿಕಾರಿಗಳು ಸಹಿ ಹಾಕಿ, ಮೂರು ಕಡೆ ಇಡಬೇಕು. ಮುಂದಿನ ಸೆಮಿಸ್ಟರಿನಲ್ಲಿ ಅದೇ ಹಳೆಯ ಫಲಿತಾಂಶವನ್ನು ಡೇಟಾಬೇಸಿನಿಂದ ಮತ್ತೆ ಇಳಿಸಿ ಹ್ಯಾಶ್ ತೆಗೆದರೆ ತಾಳೆಯಾಗಬೇಕು, ತಿದ್ದುಪಡಿಗಳು ಬೇರೆ ಸಾಲುಗಳಲ್ಲಿ ಇರುವುದರಿಂದ ಮೂಲ ಬದಲಾಗಿರಬಾರದು. ತಾಳೆಯಾಗದಿದ್ದರೆ ಕೂಡಲೇ ಯಾರನ್ನೂ ಅನುಮಾನಿಸಬೇಡಿ. ಸಾಲುಗಳ ಕ್ರಮ ಬದಲಾಗಿದ್ದರೂ, ಹೆಸರಿನ ಮುಂದೆ ಒಂದು ಖಾಲಿ ಜಾಗ ಹೆಚ್ಚಾಗಿದ್ದರೂ, ಸಾಲಿನ ಕೊನೆಯ ಅದೃಶ್ಯ ಚಿಹ್ನೆ ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು ಆಗಿದ್ದರೂ ಹ್ಯಾಶ್ ಬೇರೆ ಬರುತ್ತದೆ. ಅದಕ್ಕೇ ಕಡತದ ಸ್ವರೂಪವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಮೊದಲ ದಿನ ಇಳಿಸಿದ ಕಡತವನ್ನೂ ಉಳಿಸಿಕೊಳ್ಳಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ವ್ಯತ್ಯಾಸ ಯಾವ ಸಾಲಿನಲ್ಲಿದೆ ಎಂದು ಕಂಪ್ಯೂಟರೇ ತೋರಿಸುತ್ತದೆ.

ಲಾಗಿನ್ ವಿಷಯ ಎಲ್ಲರಿಗೂ ಗೊತ್ತಿರುವುದೇ. 'ಎಕ್ಸಾಮ್1' ಎಂಬ ಒಂದೇ ಹೆಸರು, ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್, ಅದನ್ನು ಬಳಸುವವರು ವಿಭಾಗದ ಎಲ್ಲರೂ. ಹೀಗಿದ್ದಲ್ಲಿ ಮೇಲೆ ಹೇಳಿದ ಲಾಗ್, ಇಬ್ಬರ ಅನುಮೋದನೆ ಎಲ್ಲವೂ ದಂಡ. ಒಬ್ಬರಿಗೆ ಒಂದೇ ಖಾತೆ, ಅಂಕ ಮುಟ್ಟುವವರಿಗೆ ಎರಡು ಹಂತದ ದೃಢೀಕರಣ, ವರ್ಗಾವಣೆ ಅಥವಾ ನಿವೃತ್ತಿಯ ದಿನವೇ ಖಾತೆ ಬಂದ್. ಸಿಬ್ಬಂದಿ ಶಾಖೆ ಹೊರಡಿಸುವ ಬಿಡುಗಡೆ ಆದೇಶದ ಪ್ರತಿ ಕಂಪ್ಯೂಟರ್ ವಿಭಾಗಕ್ಕೂ ಹೋಗುವಂತೆ ಮಾಡಿದರೆ ಕೊನೆಯದು ತಾನಾಗಿ ಆಗುತ್ತದೆ.

ಫಲಿತಾಂಶ ಸಂಸ್ಕರಣೆಯನ್ನು ಹೊರಗಿನ ಸಂಸ್ಥೆಗೆ ವಹಿಸಿದಾಗ ಬೇರೆಯೇ ತೊಂದರೆ. ಗುತ್ತಿಗೆ ಮುಗಿದು ಹೊಸಬರು ಬಂದಾಗ ಹಳೆಯ ಡೇಟಾ ಸಿಗುತ್ತದೆ, ಅರ್ಥ ಸಿಗುವುದಿಲ್ಲ. 'ಎ' ಎಂದರೆ ಗೈರುಹಾಜರಿಯೋ ಗ್ರೇಡೋ? ಖಾಲಿ ಜಾಗ ಎಂದರೆ ಸೊನ್ನೆಯೋ, ಪರೀಕ್ಷೆ ಬರೆಯಲಿಲ್ಲವೆಂದೋ, ಫಲಿತಾಂಶ ತಡೆಹಿಡಿದದ್ದೋ? 62 ಎಂಬುದು 100ಕ್ಕೋ 125ಕ್ಕೋ? ಆ ವರ್ಷದ ಪರೀಕ್ಷಾ ನಿಯಮಾವಳಿ, ವಿಷಯವಾರು ಗರಿಷ್ಠ ಅಂಕ, ಉತ್ತೀರ್ಣದ ಮಿತಿ, ಶ್ರೇಣಿ ನಿರ್ಧರಿಸುವ ಸೂತ್ರ ಇವೆಲ್ಲ ಅಂಕಗಳ ಜೊತೆಯಲ್ಲೇ ಇರದಿದ್ದರೆ 30 ವರ್ಷದ ಮೇಲೆ ಟ್ರಾನ್ಸ್‌ಕ್ರಿಪ್ಟ್ ಕೇಳಿ ಬಂದವರಿಗೆ ಕೊಡಲು ಉತ್ತರವಿರುವುದಿಲ್ಲ. ಪ್ರತಿ ಸೆಮಿಸ್ಟರಿನ ಕೊನೆಯಲ್ಲಿ ಇಡೀ ಡೇಟಾವನ್ನು ಯಾವ ತಂತ್ರಾಂಶದಲ್ಲೂ ತೆರೆಯಬಹುದಾದ ಸಿಎಸ್‌ವಿ ಅಥವಾ ಎಕ್ಸ್‌ಎಂಎಲ್ ರೂಪದಲ್ಲಿ, ಪ್ರತಿ ಅಂಕಣದ ವಿವರಣೆ ಮತ್ತು ಸಂಕೇತಗಳ ಪಟ್ಟಿ ಸಹಿತ ಒಪ್ಪಿಸಬೇಕೆಂದು ಕರಾರಿನಲ್ಲಿ ಬರೆಸಿ, ಒಪ್ಪಿಸಿದ ಮೇಲಷ್ಟೇ ಬಿಲ್ ಪಾಸ್ ಮಾಡಿ. ಗುತ್ತಿಗೆಯ ಕೊನೆಯ ತಿಂಗಳಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ.

ಹಳೆಯ ಲೆಡ್ಜರುಗಳನ್ನು ಸ್ಕ್ಯಾನ್ ಮಾಡಿಸಿದೆವು, ಇನ್ನು ಚಿಂತೆಯಿಲ್ಲ ಎನ್ನುವವರಿಗೆ 2013ರ ಒಂದು ಪ್ರಸಂಗ ನೆನಪಿಸಬೇಕು. ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರ್‌ಗಳು ಪುಟದಲ್ಲಿನ ಅಂಕಿಗಳನ್ನೇ ಬದಲಿಸುತ್ತಿವೆ ಎಂದು ತೋರಿಸಿದರು. ಒಂದು ಕಟ್ಟಡದ ನಕ್ಷೆಯಲ್ಲಿ ಬೇರೆ ಬೇರೆ ಕೋಣೆಗಳ ಅಳತೆ ಒಂದೇ ಆಗಿತ್ತು, ಇನ್ನೊಂದು ಕಡೆ 6 ಇದ್ದಲ್ಲಿ 8 ಕೂತಿತ್ತು. ಕಡತ ಚಿಕ್ಕದಾಗಲೆಂದು ಬಳಸುವ ಜೆಬಿಐಜಿ2 ಸಂಕೋಚನ ಒಂದೇ ರೀತಿ ಕಂಡ ಅಕ್ಷರಗಳನ್ನು ಒಂದೇ ಅಚ್ಚಿನಿಂದ ಮತ್ತೆ ಮತ್ತೆ ಒತ್ತುತ್ತಿದ್ದುದು ಇದಕ್ಕೆ ಕಾರಣ. ಮಸುಕಾಗಿ ಬಂದ ಅಂಕಿಯಾದರೆ ಕಣ್ಣಿಗೆ ಅನುಮಾನ ಬರುತ್ತದೆ, ಇಲ್ಲಿ ತಪ್ಪು ಅಂಕಿ ಸ್ಪಷ್ಟವಾಗಿ, ಚೊಕ್ಕವಾಗಿ ಕಾಣುತ್ತಿತ್ತು. ಕಂಪನಿ ಆಮೇಲೆ ತಂತ್ರಾಂಶ ಸರಿಪಡಿಸಿತು. ಅಂಕಗಳ ಲೆಡ್ಜರಿಗೆ ಇಂಥ ಸಂಕೋಚನ ಬೇಡವೇ ಬೇಡ. ಅಂಗುಲಕ್ಕೆ 300 ಚುಕ್ಕೆ, ಸಣ್ಣ ಕೈಬರಹಕ್ಕೆ 400, ನಷ್ಟವಿಲ್ಲದ ಟಿಫ್ ರೂಪದಲ್ಲಿ ಮೂಲ ಪ್ರತಿ, ದಿನನಿತ್ಯ ನೋಡಲು ಪಿಡಿಎಫ್/ಎ. ದೀರ್ಘಕಾಲ ಉಳಿಸುವ ಕಡತಗಳಿಗೆಂದೇ ರೂಪಿಸಿದ ಈ ಪಿಡಿಎಫ್/ಎ 2005ರಲ್ಲಿ ಐಎಸ್‌ಒ 19005 ಮಾನಕವಾದದ್ದು, ಫಾಂಟ್ ಕಡತದೊಳಗೇ ಇರಬೇಕೆಂಬುದು ಅದರ ಒಂದು ನಿಯಮ. ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಪ್ಪುಬಿಳುಪಿನಲ್ಲಿ ಕೆಂಪು ಶಾಯಿಯ ತಿದ್ದುಪಡಿಗೂ ಮೂಲ ಬರಹಕ್ಕೂ ಭೇದ ಉಳಿಯದು.

ಸ್ಕ್ಯಾನಿಂಗಿನಲ್ಲಿ ನಿಜಕ್ಕೂ ಕೆಡುವುದು ಎಣಿಕೆ. ಎರಡು ಹಾಳೆ ಅಂಟಿಕೊಂಡು ಒಂದಾಗಿ ಹೋಗುತ್ತವೆ, ಬೆನ್ನುಪುಟ ಬಿಟ್ಟುಹೋಗುತ್ತದೆ, ದಪ್ಪ ಬೈಂಡಿನ ಒಳಮಡಿಕೆಯಲ್ಲಿ ಮೊದಲ ಅಂಕಣ ನುಂಗಿಹೋಗುತ್ತದೆ. ಕೆಲಸ ಶುರುವಾಗುವ ಮೊದಲೇ ಪ್ರತಿ ಸಂಪುಟದ ಪುಟಗಳಿಗೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಒಟ್ಟು ಎಷ್ಟೆಂದು ಬರೆದಿಟ್ಟು, ಚಿತ್ರಗಳ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಸೂಚಿ ತಯಾರಿಸುವಾಗ ನೋಂದಣಿ ಸಂಖ್ಯೆಯನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಿ, ಎರಡೂ ಹೊಂದದ ಕಡೆ ಮಾತ್ರ ಮೂರನೆಯವರು ಮೂಲ ನೋಡಿ ತೀರ್ಮಾನಿಸುವುದು ಹಳೆಯ ಪದ್ಧತಿ, ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ. ಇಷ್ಟಾದ ಮೇಲೂ ಮೂಲ ಲೆಡ್ಜರನ್ನು ರದ್ದಿಗೆ ಹಾಕಬಾರದು.

ಕನ್ನಡದಲ್ಲಿ ದಾಖಲೆ ಇಟ್ಟವರಿಗೆ ಇನ್ನೊಂದು ಪೇಚು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರುಗಳು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿಯೇ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೆಸರಿನ ಬದಲು ಅರ್ಥವಿಲ್ಲದ ಗೀಚು. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಪರಿವರ್ತಕಗಳೂ ಇವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅವು ಎಡವುತ್ತವೆ. ಪರಿವರ್ತನೆಯಾದ ಪ್ರತಿ ಹೆಸರನ್ನು ಕಣ್ಣಿಂದ ನೋಡಿ ಒಪ್ಪಬೇಕು, ಮೂಲ ಕಡತವನ್ನು ಫಾಂಟಿನ ಸಮೇತ ಎತ್ತಿಡಬೇಕು. ಹೆಸರು ಬದಲಾದವರ ವಿಷಯದಲ್ಲೂ ಪದವಿ ಪಡೆದಾಗಿನ ಹೆಸರನ್ನು ಅಳಿಸದೆ ಹೊಸದನ್ನು ಆದೇಶ ಸಹಿತ ಜೊತೆಗೆ ಸೇರಿಸುವುದೇ ಸರಿ.

ಕಾಗದದ ಲೆಡ್ಜರಿಗೆ ಬೇಕಾದದ್ದು ಕಡಿಮೆ. ನೆಲದಿಂದ 15 ಸೆಂಟಿಮೀಟರ್ ಮೇಲಿರುವ ಉಕ್ಕಿನ ಕಪಾಟು, ತಲೆಯ ಮೇಲೆ ನೀರಿನ ಕೊಳವೆ ಇಲ್ಲದ ಕೊಠಡಿ, ಗಾಳಿಯ ತೇವಾಂಶ ಶೇ 65 ದಾಟದಂತೆ ಎಚ್ಚರ. ದಾಟಿದರೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚು. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಒಮ್ಮೆ ಮಾಡಿದರೆ ಬಿಡಿಸಲಾಗದು. ನೀರು ನುಗ್ಗಿದರೆ ಸುಮಾರು 48 ಗಂಟೆಯೊಳಗೆ ಒಣಗಿಸಬೇಕು. ಅಷ್ಟು ಬೇಗ ಸಾಧ್ಯವಾಗದಷ್ಟು ಸಂಪುಟಗಳಿದ್ದರೆ ಶೈತ್ಯಾಗಾರದಲ್ಲಿ ಹೆಪ್ಪುಗಟ್ಟಿಸಿಟ್ಟು ಬಿಡುವಿನಲ್ಲಿ ಒಣಗಿಸಬಹುದು. ಬಿಸಿಲಿಗೆ ಹರವಿದರೆ ಹಾಳೆ ಸೊಟ್ಟಗಾಗುತ್ತದೆ, ಶಾಯಿ ಮಾಸುತ್ತದೆ.

ಬೆಂಕಿ ನಿರೋಧಕ ತಿಜೋರಿ ಕೊಳ್ಳುವವರು ಒಂದನ್ನು ಗಮನಿಸುವುದಿಲ್ಲ. ಕಾಗದಕ್ಕೆಂದು ಮಾಡಿದ ತಿಜೋರಿ ಒಳಗಿನ ಶಾಖವನ್ನು ಸುಮಾರು 177 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡುತ್ತದೆ, ಕಾಗದಕ್ಕೆ ಅಷ್ಟು ಸಾಕು. ಬ್ಯಾಕಪ್ ಡಿಸ್ಕು, ಟೇಪುಗಳಿಗೆಂದು ಮಾಡಿದ ತಿಜೋರಿಯ ಮಿತಿ ಸುಮಾರು 52 ಡಿಗ್ರಿ. ಲೆಡ್ಜರ್ ಇಡುವ ತಿಜೋರಿಯಲ್ಲೇ ಬ್ಯಾಕಪ್ ಡಿಸ್ಕನ್ನೂ ಇಟ್ಟರೆ ಬೆಂಕಿಯ ನಂತರ ಲೆಡ್ಜರ್ ಉಳಿದೀತು, ಡಿಸ್ಕ್ ಉಳಿಯದು.

ಬ್ಯಾಕಪ್ ಎಂದರೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಅವುಗಳಲ್ಲಿ ಒಂದಾದರೂ ಜಾಲಕ್ಕೆ ಸಂಪರ್ಕವೇ ಇಲ್ಲದ್ದು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮೇಲೆ 2019ರ ಡಿಸೆಂಬರಿನಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಕೆಲವು ಬ್ಯಾಕಪ್ ಸರ್ವರ್‌ಗಳೂ ಬೀಗ ಹಾಕಿಸಿಕೊಂಡವು, ವಿಶ್ವವಿದ್ಯಾಲಯ 30 ಬಿಟ್‌ಕಾಯಿನ್ ತೆರಬೇಕಾಯಿತು. ದಾಳಿಕೋರರು ಒಳಹೊಕ್ಕದ್ದು ಅದಕ್ಕೆ ಎರಡು ತಿಂಗಳ ಮೊದಲೇ, ಸಿಬ್ಬಂದಿ ತೆರೆದ ಮೋಸದ ಇಮೇಲ್‌ಗಳ ಮೂಲಕ. ಒಂದು ಸರ್ವರಿನಲ್ಲಿ ಆದದ್ದನ್ನು ಕೂಡಲೇ ಇನ್ನೊಂದರಲ್ಲಿ ಮೂಡಿಸುವ ವ್ಯವಸ್ಥೆಯನ್ನು ಬ್ಯಾಕಪ್ ಎಂದು ತಿಳಿಯಬೇಡಿ, ಅಳಿಸಿದ್ದೂ ಅಷ್ಟೇ ಬೇಗ ಅಲ್ಲಿಯೂ ಅಳಿಯುತ್ತದೆ. ಸೆಮಿಸ್ಟರಿಗೊಮ್ಮೆ ಬ್ಯಾಕಪ್ಪಿನಿಂದ ಖಾಲಿ ಕಂಪ್ಯೂಟರಿಗೆ ಡೇಟಾ ಮರಳಿಸಿ, ಬೇರೆ ಬೇರೆ ವರ್ಷಗಳ 20 ನೋಂದಣಿ ಸಂಖ್ಯೆ ಆರಿಸಿ ಕಾಗದದ ಲೆಡ್ಜರಿನೊಂದಿಗೆ ತಾಳೆ ನೋಡಬೇಕು. ಮರಳಿಸಲು ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಬರೆದಿಡಿ. ಘಟಿಕೋತ್ಸವದ ಹಿಂದಿನ ದಿನ ಕುಲಪತಿಗಳು ಕೇಳುವುದು ಅದನ್ನೇ.

ಹ್ಯಾಕರ್‌ಗಳ ಮಾತು ಹಾಗಿರಲಿ, ದಿನನಿತ್ಯದ ಸೋರಿಕೆ ಎಕ್ಸೆಲ್ ಹಾಳೆಯಿಂದ. ಒಬ್ಬ ವಿದ್ಯಾರ್ಥಿಯ ವಿವರ ಕೇಳಿದವರಿಗೆ ಇಡೀ ತರಗತಿಯ ಹಾಳೆ ಹೋಗುತ್ತದೆ, ಮುಚ್ಚಿಟ್ಟ ಅಂಕಣಗಳಲ್ಲಿ ಜಾತಿ, ಆದಾಯ, ಮೊಬೈಲ್ ಸಂಖ್ಯೆ ಹಾಗೇ ಕೂತಿರುತ್ತವೆ. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದು ಮರೆಮಾಡಿದ ಹೆಸರನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಅಕ್ಷರಗಳು ಎದ್ದು ಬರುತ್ತವೆ. ಸೋರಿಕೆ ಮಾತ್ರವಲ್ಲ, ಎಕ್ಸೆಲ್ ದಾಖಲೆಯನ್ನೂ ಕೆಡಿಸುತ್ತದೆ: ನೋಂದಣಿ ಸಂಖ್ಯೆಯ ಆರಂಭದ ಸೊನ್ನೆ ತಿನ್ನುತ್ತದೆ, 15ಕ್ಕಿಂತ ಹೆಚ್ಚು ಅಂಕಿಗಳಿದ್ದರೆ ಹದಿನಾರನೆಯದರಿಂದ ಆಚಿನವನ್ನು ಸೊನ್ನೆ ಮಾಡುತ್ತದೆ, ಅಂಕಿಗಳ ನಡುವೆ ಇಂಗ್ಲಿಷಿನ 'ಇ' ಬಂದರೆ ಅದನ್ನು ಹತ್ತರ ಘಾತವೆಂದು ಓದಿ ಬೇರೇನೋ ಸಂಖ್ಯೆ ಮಾಡಿಬಿಡುತ್ತದೆ. ತೆರೆಯುವ ಮೊದಲೇ ಆ ಅಂಕಣ ಪಠ್ಯ ಎಂದು ಹೇಳಬೇಕು, ತೆರೆದು ಸೇವ್ ಮಾಡಿದ ಮೇಲೆ ಹೇಳಿ ಫಲವಿಲ್ಲ.

ಫಲಿತಾಂಶದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಸಾಕು ಅಂಕಪಟ್ಟಿ ತೆರೆಯುವಂತಿದ್ದರೆ, ಸಂಖ್ಯೆಗಳು ಸಾಲಾಗಿ ಇರುವುದರಿಂದ ಸಣ್ಣದೊಂದು ಪ್ರೋಗ್ರಾಮ್ ಬರೆದು ಇಡೀ ವಿಶ್ವವಿದ್ಯಾಲಯದ ಫಲಿತಾಂಶ ಇಳಿಸಿಕೊಳ್ಳಬಹುದು. ಜನ್ಮದಿನಾಂಕ ಕೇಳುವುದು ಅಷ್ಟೇನೂ ಭದ್ರವಲ್ಲ, ಸಹಪಾಠಿಗಳಿಗೆಲ್ಲ ಅದು ಗೊತ್ತು. ಪರಿಶೀಲನೆ ಕೋರಿ ಬಂದವರಿಗೂ ವಿದ್ಯಾರ್ಥಿಯ ಒಪ್ಪಿಗೆ ಪತ್ರ ನೋಡಿದ ಮೇಲೆ, ಅವರು ತಂದ ಅಂಕಪಟ್ಟಿ 'ಹೊಂದುತ್ತದೆ' ಅಥವಾ 'ಹೊಂದುವುದಿಲ್ಲ' ಎಂದಷ್ಟೇ ಬರಹದಲ್ಲಿ ತಿಳಿಸಿದರೆ ಸಾಕು. ಫೋನಿನಲ್ಲಿ ಏನನ್ನೂ ಹೇಳಬಾರದು.

ತನ್ನ ದಾಖಲೆ ನೋಡುವ ಹಕ್ಕು ವಿದ್ಯಾರ್ಥಿಗೆ ಇರಲೇಬೇಕು, ತಪ್ಪು ಮೊದಲು ಕಾಣುವುದು ಅವರಿಗೇ. ವಿದ್ಯಾರ್ಥಿ ದಾಖಲೆಗಳ ಕುರಿತ ಅಮೆರಿಕದ 1974ರ ಕಾಯ್ದೆ, ಕೇಳಿದ 45 ದಿನದೊಳಗೆ ದಾಖಲೆ ತೋರಿಸಬೇಕೆನ್ನುತ್ತದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದಂತೆ ಅಪಾಯ ತರಬಹುದಾದ ಸೋರಿಕೆಯನ್ನು ತಿಳಿದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಭಾರತದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಏನೇ ಹೇಳಲಿ, ಸೋರಿಕೆಯಾದ ದಿನ ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಒಂದು ಪುಟದ ಪಟ್ಟಿ ಮೊದಲೇ ಸಿದ್ಧವಿಲ್ಲದಿದ್ದರೆ 72 ಗಂಟೆ ಸಭೆ ಕರೆಯುವುದರಲ್ಲೇ ಮುಗಿಯುತ್ತದೆ.

ಎಲ್ಲವನ್ನೂ ಶಾಶ್ವತವಾಗಿ ಇಡುವುದೂ ರಕ್ಷಣೆಯಲ್ಲ. ಅಂಕಗಳ ಲೆಡ್ಜರ್, ಪದವಿ ನೋಂದಣಿ ಪುಸ್ತಕ, ತಿದ್ದುಪಡಿ ಆದೇಶಗಳು ಶಾಶ್ವತ. ಉತ್ತರ ಪತ್ರಿಕೆ, ಪ್ರವೇಶ ಸಿಗದವರ ಅರ್ಜಿ, ವೈದ್ಯಕೀಯ ಪ್ರಮಾಣಪತ್ರ, ಆದಾಯ ಪತ್ರಗಳಿಗೆ ನಿಗದಿತ ಅವಧಿ ಇರಲಿ. ಅವಧಿ ಮುಗಿದರೂ ವ್ಯಾಜ್ಯವಿರುವ ಕಡತವನ್ನು ಮುಟ್ಟಬಾರದು. ನಾಶ ಮಾಡುವಾಗ ಕಾಗದವನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿದರೆ ಸಾಲದು, ಅವನ್ನು ಜೋಡಿಸಿ ಓದಬಹುದು. ಅಡ್ಡಡ್ಡವೂ ಕತ್ತರಿಸುವ ಯಂತ್ರ ಬೇಕು, ಜರ್ಮನಿಯ ಡಿನ್ 66399 ಮಾನಕದ ಪಿ-4 ಮಟ್ಟದಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವುದಿಲ್ಲ. ಹಳೆಯ ಕಂಪ್ಯೂಟರುಗಳನ್ನು ಹರಾಜಿಗೆ ಹಾಕುವಾಗ ಡಿಸ್ಕ್ ಕಳಚಿಕೊಳ್ಳಿ. ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಆದರೆ ಮೇಲೆ ಬರೆದು ಅಳಿಸುವುದನ್ನೂ ನಂಬಬೇಡಿ, ಪುಡಿ ಮಾಡಿಸಿ. ಗುತ್ತಿಗೆದಾರರು ಕೊಡುವ ನಾಶ ಪ್ರಮಾಣಪತ್ರದಲ್ಲಿ ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಇರಬೇಕು, ಅದು ದಾಸ್ತಾನು ಪುಸ್ತಕದ ನಂಬರಿಗೆ ಹೊಂದಬೇಕು. 'ಒಟ್ಟು 40 ಡಿಸ್ಕ್' ಎಂದಷ್ಟೇ ಬರೆದು ತಂದರೆ ಬಿಲ್ ತಡೆಹಿಡಿಯಿರಿ.

ಇಂತಿ,
ವಿಶ್ವವಿದ್ಯಾಲಯ ದಾಖಲೆ ನಿರ್ವಹಣೆಯ ಕೆಲಸದಲ್ಲಿರುವ ಓದುಗರು